ಕೇಂದ್ರೀಯ ಮಂಡಳಿಯ ನಡಾವಳಿ ಮತ್ತು ಕನ್ನಡ ನಾಡು: ರಿಸರ್ವ್ ಬ್ಯಾಂಕಿನ ನಿತ್ಯದ ತೀರ್ಮಾನಗಳನ್ನು ಕುರಿತು

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯು ಬೆಂಗಳೂರಿನಿಂದ ತುಮಕೂರಿಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಒಂದು ಕಡೆ ಶಿವಗಂಗೆಯ ಬೆಟ್ಟ. ಇನ್ನೊಂದು ಕಡೆ ಕಮಿಷನರರ ಆಡಳಿತ ಕಾಲದ ಅಧಿಕಾರಿ ಡಾಬ್ಸನ ಹೆಸರನ್ನು ಇಂದಿಗೂ ಹೊತ್ತಿರುವ ದಾಬಸ್‌ಪೇಟೆ. ರಾಗಿಯ ಹೊಲಗಳಿದ್ದಲ್ಲಿ ಈಗ ಕೈಗಾರಿಕಾ ಪ್ರದೇಶ. ಈ ಹೋಬಳಿಯ ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವ ಕಾಗದದ ನೋಟಿನ ಒಂದು ಮೈಯಲ್ಲಿ ಅದರ ಮೌಲ್ಯವು ಹದಿನೈದು ಭಾಷೆಗಳಲ್ಲಿ ಅಚ್ಚಾಗಿರುತ್ತದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ಆ ನೋಟು ಎಷ್ಟು ರೂಪಾಯಿಯದಾಗಿರಬೇಕು, ಯಾವ ವಿನ್ಯಾಸದಲ್ಲಿ, ಯಾವ ವಸ್ತುವಿನಿಂದ ಆಗಿರಬೇಕು ಎಂಬುದನ್ನು ಕೇಂದ್ರ ಸರ್ಕಾರವು ನಿರ್ಧರಿಸುತ್ತದೆ; ಆದರೆ ಹಾಗೆ ನಿರ್ಧರಿಸುವ ಮುನ್ನ ಭಾರತೀಯ ರಿಸರ್ವ್ ಬ್ಯಾಂಕಿನ ಕೇಂದ್ರೀಯ ಮಂಡಳಿಯ ಶಿಫಾರಸು ಅದರ ಮುಂದಿರಬೇಕೆಂದು 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 24 ಮತ್ತು 25ನೆಯ ಕಲಮುಗಳು ಹೇಳುತ್ತವೆ. ಸಂತೆಯಲ್ಲಿ ನೋಟು ಎಣಿಸುವವರಿಗೆ ಈ ಮಂಡಳಿಯ ಹೆಸರು ತಿಳಿದಿರಬೇಕಾದ ಅಗತ್ಯವಿಲ್ಲ. ಮಂಡಳಿಯ ಸದಸ್ಯರಿಗೂ ಸೋಂಪುರ ತಿಳಿದಿರಬೇಕಾಗಿಲ್ಲ. ಇವೆರಡನ್ನೂ ಜೋಡಿಸುವುದು ಒಂದು ಕಡತ.

ಭಾರತದ ಹಣಕಾಸು ಚರಿತ್ರೆಯನ್ನು ಬರೆದವರ ಗಮನ ಸಹಜವಾಗಿಯೇ ದೊಡ್ಡ ಘಟನೆಗಳ ಕಡೆಗೆ ಹರಿದಿದೆ: 1949ರ ಅಪಮೌಲ್ಯ, 1969ರ ರಾಷ್ಟ್ರೀಕರಣ, 1991ರ ಬಿಕ್ಕಟ್ಟು. ಮಂಡಳಿಯ ಸಭೆಗಳ ಬಹುಪಾಲು ಹೊತ್ತು ಕಳೆಯುವುದು ಇಂತಹ ಘಟನೆಗಳಲ್ಲಲ್ಲ. ಹಿಂದಿನ ಸಭೆಯ ನಡಾವಳಿಯನ್ನು ದೃಢೀಕರಿಸುವುದು, ಗೈರುಹಾಜರಾದ ಸದಸ್ಯರಿಗೆ ರಜೆ ನೀಡುವುದು, ಆಸ್ತಿ ಹೊಣೆಗಳ ತಖ್ತೆಯನ್ನು ಗಮನಕ್ಕೆ ತೆಗೆದುಕೊಳ್ಳುವುದು, ಕಟ್ಟಡದ ವೆಚ್ಚ, ನೌಕರರ ನಿಯಮ, ಲೆಕ್ಕಪರಿಶೋಧನೆಯ ಆಕ್ಷೇಪಣೆ, ವರ್ಷದ ಲೆಕ್ಕ ಮತ್ತು ಸರ್ಕಾರಕ್ಕೆ ಸಲ್ಲಬೇಕಾದ ಹೆಚ್ಚುವರಿ ಮೊತ್ತ: ಇವು ಕಾರ್ಯಸೂಚಿಯ ಸಾಮಾನ್ಯ ಬಾಬುಗಳು. ಇವುಗಳನ್ನು ಶುಷ್ಕವೆಂದು ಬದಿಗಿಡುವುದು ಸುಲಭ. ಆದರೆ ಒಂದು ಸಂಸ್ಥೆಯು ತನ್ನ ಅಧಿಕಾರವನ್ನು ಎಲ್ಲಿಯವರೆಗೆ ಕಾಪಾಡಿಕೊಂಡಿತು, ಎಲ್ಲಿ ಬಿಟ್ಟುಕೊಟ್ಟಿತು ಎಂಬುದು ದಾಖಲಾಗುವುದು ಈ ಬಾಬುಗಳಲ್ಲಿಯೇ. ಒಂದು ವಿಷಯವನ್ನು ಮಂಡಳಿಯನ್ನು ಕೇಳಿ ತೀರ್ಮಾನಿಸಲಾಯಿತೆ, ತೀರ್ಮಾನಿಸಿದ ಮೇಲೆ ಮಂಡಳಿಗೆ ತಿಳಿಸಲಾಯಿತೆ ಎಂಬ ಭೇದವು ನಡಾವಳಿಯ ಒಂದು ಕ್ರಿಯಾಪದದಲ್ಲಿ ಅಡಗಿರುತ್ತದೆ. ಆ ಭೇದವು ಕನ್ನಡ ನಾಡನ್ನು ಮುಟ್ಟಿದ ಕೆಲವು ಸಂದರ್ಭಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿದಾಗ ಅದು ಷೇರುದಾರರ ಬ್ಯಾಂಕು. ತಲಾ ನೂರು ರೂಪಾಯಿಯ ಐದು ಲಕ್ಷ ಷೇರುಗಳು, ಐದು ಕೋಟಿ ರೂಪಾಯಿ ಬಂಡವಾಳ. ಅಂದಿನ ಮಂಡಳಿಯಲ್ಲಿ ಷೇರುದಾರರು ಆರಿಸಿದ ಎಂಟು ಮಂದಿ ನಿರ್ದೇಶಕರಿದ್ದರು. 1949ರ ಜನವರಿ 1ರಂದು ಬ್ಯಾಂಕು ರಾಷ್ಟ್ರದ ಸ್ವತ್ತಾದ ಮೇಲೆ ಚುನಾವಣೆ ನಿಂತು, ಎಲ್ಲ ಸದಸ್ಯರೂ ಕೇಂದ್ರ ಸರ್ಕಾರದಿಂದ ನೇಮಕಗೊಳ್ಳುವ ಪದ್ಧತಿ ಬಂದಿತು: ಗವರ್ನರ್, ಉಪಗವರ್ನರುಗಳು, ನಾಲ್ಕು ಪ್ರಾದೇಶಿಕ ಮಂಡಳಿಗಳಿಂದ ಒಬ್ಬೊಬ್ಬರು, ಇತರ ಕ್ಷೇತ್ರಗಳಿಂದ ನಾಮಕರಣಗೊಂಡವರು, ಸರ್ಕಾರದ ಅಧಿಕಾರಿ. ಕರ್ನಾಟಕವು ದಕ್ಷಿಣ ಪ್ರದೇಶಕ್ಕೆ ಸೇರುತ್ತದೆ. ಅದರ ಪ್ರಾದೇಶಿಕ ಮಂಡಳಿಯ ನೆಲೆ ಚೆನ್ನೈ. ವರ್ಷಕ್ಕೆ ಕನಿಷ್ಠ ಆರು ಸಭೆ, ಮೂರು ತಿಂಗಳಿಗೆ ಒಂದಾದರೂ ಸಭೆ ಎಂಬುದು ಕಾಯಿದೆಯ ನಿಯಮ. ಸಭೆಗಳ ನಡುವಣ ಕೆಲಸವನ್ನು ಮಂಡಳಿಯ ಸಮಿತಿಯೊಂದು ವಾರ ವಾರ ಸೇರಿ ನಡೆಸುತ್ತದೆ. ವಾರದ ತಖ್ತೆಗೆ ಒಪ್ಪಿಗೆ ನೀಡುವುದು ಅದರ ಖಾಯಂ ಬಾಬು. ಕಾಯಿದೆಯ 7ನೆಯ ಕಲಮಿನ ಎರಡು ಉಪಕಲಮುಗಳು ಒಂದರ ಪಕ್ಕ ಒಂದು ನಿಂತಿವೆ. ಸಾರ್ವಜನಿಕ ಹಿತದ ದೃಷ್ಟಿಯಿಂದ, ಗವರ್ನರೊಡನೆ ಸಮಾಲೋಚಿಸಿದ ನಂತರ, ಸರ್ಕಾರವು ಬ್ಯಾಂಕಿಗೆ ನಿರ್ದೇಶನ ನೀಡಬಹುದು ಎನ್ನುತ್ತದೆ ಮೊದಲನೆಯದು. ಬ್ಯಾಂಕಿನ ವ್ಯವಹಾರಗಳ ಸಾಮಾನ್ಯ ಮೇಲ್ವಿಚಾರಣೆಯು ಕೇಂದ್ರೀಯ ಮಂಡಳಿಯದು ಎನ್ನುತ್ತದೆ ಎರಡನೆಯದು. ಮುಂದಿನ ಎಲ್ಲ ತಕರಾರುಗಳ ಬೀಜ ಇಲ್ಲಿದೆ.

ಬ್ಯಾಂಕು ರಾಷ್ಟ್ರೀಕರಣಗೊಂಡ ಹೊತ್ತಿಗೆ ಕನ್ನಡ ಮಾತನಾಡುವ ಸೀಮೆಗಳಿಗೆ ಒಬ್ಬನೇ ಬ್ಯಾಂಕರು ಇರಲಿಲ್ಲವೆಂಬುದನ್ನು ಇಂದಿನ ಓದುಗರಿಗೆ ನೆನಪಿಸಬೇಕು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿಯೂ, ಮಂಗಳೂರು ಮತ್ತು ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿಯೂ ಇದ್ದುದರಿಂದ, ಅಲ್ಲಿನ ಸರ್ಕಾರಿ ಹಣದ ವಹಿವಾಟು ರಿಸರ್ವ್ ಬ್ಯಾಂಕಿನ ಪರವಾಗಿ ಇಂಪೀರಿಯಲ್ ಬ್ಯಾಂಕಿನ ಕೈಯಲ್ಲಿತ್ತು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸ 1913ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕಿನದು. ಸರ್. ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದ ಸಮಿತಿಯ ಸಲಹೆಯಿಂದ ಹುಟ್ಟಿದ ಆ ಬ್ಯಾಂಕಿಗೆ ಸಂಸ್ಥಾನದ ಪೋಷಣೆಯಿತ್ತು. ಆದರೆ ಮೈಸೂರಿಗೆ ತನ್ನದೇ ನಾಣ್ಯವಿರಲಿಲ್ಲ. 1833ರಲ್ಲಿ ಬೆಂಗಳೂರಿಗೆ ಬಂದ ಟಂಕಸಾಲೆಯು 1843ರಲ್ಲಿ ಮುಚ್ಚಿತು, ಅಲ್ಲಿಂದ ಮುಂದೆ ಬ್ರಿಟಿಷ್ ಇಂಡಿಯಾದ ರೂಪಾಯಿಯೇ ಸಂಸ್ಥಾನದ ರೂಪಾಯಿ.

ಬೀದರ, ಕಲಬುರಗಿ, ರಾಯಚೂರುಗಳ ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಅಲ್ಲಿ ನಿಜಾಮನ ಹಾಲಿ ಸಿಕ್ಕ ಚಲಾವಣೆಯಲ್ಲಿತ್ತು. ಬ್ರಿಟಿಷ್ ರೂಪಾಯಿಗೆ ಆ ಭಾಗದ ಜನ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ಸ್ಥೂಲವಾದ ಲೆಕ್ಕ. 1941ರ ಶಾಸನದಿಂದ ಸ್ಥಾಪಿತವಾದ ಹೈದರಾಬಾದ್ ಸ್ಟೇಟ್ ಬ್ಯಾಂಕು ಈ ನಾಣ್ಯಪದ್ಧತಿಯನ್ನೂ ಸಂಸ್ಥಾನದ ಸಾರ್ವಜನಿಕ ಸಾಲವನ್ನೂ ನೋಡಿಕೊಳ್ಳುತ್ತಿತ್ತು. ಎಂದರೆ, ಕನ್ನಡ ನಾಡಿನ ಈಶಾನ್ಯ ಜಿಲ್ಲೆಗಳು ಸ್ವಲ್ಪ ಕಾಲ ಬೇರೆಯೇ ಒಂದು ಕೇಂದ್ರ ಬ್ಯಾಂಕಿನ ಅಧೀನದಲ್ಲಿದ್ದವು. ಏಕೀಕರಣದ ಚರಿತ್ರೆಯನ್ನು ಭಾಷೆ ಮತ್ತು ಚಳವಳಿಗಳ ಮೂಲಕ ಬರೆದವರು ಈ ಅಂಶಕ್ಕೆ ಸಲ್ಲಬೇಕಾದ ಮಹತ್ವವನ್ನು ಕೊಟ್ಟಿಲ್ಲವೆಂದೇ ಹೇಳಬೇಕು.

ಈ ವಿಂಗಡಣೆ ಒಂದೇ ಏಟಿಗೆ ಅಳಿಯಲಿಲ್ಲ. 1951ರ ತಿದ್ದುಪಡಿಯಿಂದ ಅಂದಿನ 'ಬಿ' ವರ್ಗದ ರಾಜ್ಯಗಳೊಡನೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ದೊರೆಯಿತು. 1953ರಲ್ಲಿ ಮೈಸೂರು ಬ್ಯಾಂಕು ಸರ್ಕಾರಿ ವಹಿವಾಟು ಮತ್ತು ಖಜಾನೆ ಕೆಲಸಗಳಿಗೆ ರಿಸರ್ವ್ ಬ್ಯಾಂಕಿನ ಏಜೆಂಟಾಯಿತು. ಅದೇ ವರ್ಷ ಹೈದರಾಬಾದ್ ಸ್ಟೇಟ್ ಬ್ಯಾಂಕೂ ಹಾಗೆಯೇ ಆಯಿತು. 1956ರಲ್ಲಿ ರಿಸರ್ವ್ ಬ್ಯಾಂಕು ಅದನ್ನು ತನ್ನ ಅಂಗಸಂಸ್ಥೆಯಾಗಿ ತೆಗೆದುಕೊಂಡಿತು. ಯಾರ ಪರವಾಗಿ ಯಾರು ಹಣ ಪಡೆಯಬೇಕು, ಎಷ್ಟು ದಳ್ಳಾಳಿ, ಯಾವ ಖಜಾನೆಯಲ್ಲಿ ಕರೆನ್ಸಿ ಚೆಸ್ಟ್ ಇರಬೇಕು ಎಂಬ ಮಾತುಗಳು ಯಾವ ಭಾಷಣದಲ್ಲಿಯೂ ಬರುವಂಥವಲ್ಲ. ಆದರೂ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ, ಬೀದರದ ಖಜಾನೆಗೂ ನೆಲಮಂಗಲದ ಖಜಾನೆಗೂ ಮೇಲೆ ಒಂದೇ ಬ್ಯಾಂಕು ಇದ್ದುದು ಇಂತಹ ಮಾತುಗಳ ಫಲ. ರಾಜ್ಯವು ಒಂದಾಗುವ ಮುನ್ನ ಅದರ ಲೆಕ್ಕದ ಪುಸ್ತಕ ಒಂದಾಗಿತ್ತು.

ಆ ವರ್ಷಗಳಲ್ಲಿ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಬೆನೆಗಲ್ ರಾಮರಾವ್. 1889ರಲ್ಲಿ ಜನಿಸಿದ ಅವರು ಮಂಗಳೂರಿನ ಸಾರಸ್ವತ ಮನೆತನದವರು. ಸಂವಿಧಾನ ಸಭೆಯ ಸಲಹೆಗಾರ ಬಿ. ಎನ್. ರಾವ್ ಮತ್ತು ಪತ್ರಕರ್ತ ಬಿ. ಶಿವರಾವ್ ಅವರ ಸೋದರರು. ಐ.ಸಿ.ಎಸ್. ಸೇವೆ, ಮುಂಬಯಿ ಬಂದರು ಮಂಡಳಿಯ ಅಧ್ಯಕ್ಷತೆ, ಅಮೆರಿಕದಲ್ಲಿ ರಾಯಭಾರ ಇವುಗಳ ನಂತರ 1949ರ ಜುಲೈ 1ರಂದು ಗವರ್ನರರಾದರು. ಏಳೂವರೆ ವರ್ಷಗಳ ಅವರ ಅವಧಿಯೇ ಇಂದಿಗೂ ಬ್ಯಾಂಕಿನ ಚರಿತ್ರೆಯಲ್ಲಿ ಅತಿ ದೀರ್ಘವಾದುದು. ಅದು ಮುಗಿದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಜಗಳ ಹುಟ್ಟಿದ್ದು ಮುದ್ರಾಂಕ ಶುಲ್ಕದಂತಹ ಸಾಮಾನ್ಯ ಬಾಬಿನಿಂದ.

1952ರ ಜನವರಿಯಲ್ಲಿ ಬ್ಯಾಂಕು ಬಿಲ್ ಮಾರುಕಟ್ಟೆ ಯೋಜನೆಯನ್ನು ಆರಂಭಿಸಿತ್ತು. ಸುಗ್ಗಿಯ ತಿಂಗಳುಗಳಲ್ಲಿ ಧಾನ್ಯ, ಕೊಬ್ಬರಿ, ಹತ್ತಿ, ಬೆಲ್ಲಗಳ ವ್ಯಾಪಾರಿಗಳಿಗೆ ಹಣದ ಬೇಡಿಕೆ ಏರುತ್ತದೆ. ಅವರಿಗೆ ಸಾಲ ಕೊಟ್ಟ ಬ್ಯಾಂಕುಗಳು ಆ ಸಾಲವನ್ನು ಅವಧಿಯ ವಚನಪತ್ರಗಳಾಗಿ ಮಾರ್ಪಡಿಸಿ, ಅವುಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯಬಹುದಾಗಿತ್ತು. ಯೋಜನೆ ಬೇರೂರಲೆಂದು ರಿಸರ್ವ್ ಬ್ಯಾಂಕು ಬಡ್ಡಿಯಲ್ಲಿ ಶೇಕಡ ಅರ್ಧದಷ್ಟು ರಿಯಾಯಿತಿ ನೀಡಿತು. ಪತ್ರಗಳ ಮೇಲಿನ ಮುದ್ರಾಂಕ ಶುಲ್ಕದ ಅರ್ಧವನ್ನು ತಾನೇ ಭರಿಸಿತು. ಮೊದಲು ದೊಡ್ಡ ಬ್ಯಾಂಕುಗಳಿಗೆ ಮಾತ್ರ ಇದ್ದ ಸೌಲಭ್ಯವನ್ನು ಕ್ರಮೇಣ ಸಣ್ಣ ಅನುಸೂಚಿತ ಬ್ಯಾಂಕುಗಳಿಗೂ ವಿಸ್ತರಿಸಲಾಯಿತು. ಬೆಲೆಗಳು ಏರತೊಡಗಿದಾಗ, 1956ರಲ್ಲಿ, ರಿಯಾಯಿತಿಗಳನ್ನು ಮೆಲ್ಲಗೆ ಹಿಂದೆಗೆದುಕೊಂಡು ದರವನ್ನು ಬ್ಯಾಂಕು ದರದ ಮಟ್ಟವಾದ ಶೇಕಡ 3.5ಕ್ಕೆ ತರಲಾಯಿತು. ಇದು ಬ್ಯಾಂಕಿನ ದೈನಂದಿನ ಕೆಲಸ. ಇದರಲ್ಲಿ ಯಾರೂ ತಪ್ಪು ಕಂಡಿರಲಿಲ್ಲ.

1956ರ ಆಗಸ್ಟ್ ಕೊನೆಯಲ್ಲಿ ಟಿ. ಟಿ. ಕೃಷ್ಣಮಾಚಾರಿಯವರು ಹಣಕಾಸು ಮಂತ್ರಿಗಳಾದರು. ನವೆಂಬರ್ ಕೊನೆಯಲ್ಲಿ ಅವರು ಸಂಸತ್ತಿನ ಮುಂದಿಟ್ಟ ತೆರಿಗೆ ಪ್ರಸ್ತಾವಗಳಲ್ಲಿ ಇಂತಹ ಪತ್ರಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಬಹಳವಾಗಿ ಏರಿಸುವ ಅಂಶವೂ ಸೇರಿತ್ತು. ಹೆಸರಿಗೆ ಅದು ತೆರಿಗೆ. ಪರಿಣಾಮದಲ್ಲಿ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುವ ವೆಚ್ಚವು ಶೇಕಡ 4ರ ಆಸುಪಾಸಿಗೆ ಏರುತ್ತಿತ್ತು. ಬಡ್ಡಿಯ ದರವನ್ನು ಏರಿಸುವ ಅಧಿಕಾರ ಕಾಯಿದೆಯಂತೆ ಬ್ಯಾಂಕಿನದು. ಆ ಅಧಿಕಾರವನ್ನು ಮುಟ್ಟದೆಯೇ, ಬೇರೊಂದು ಬಾಗಿಲಿನಿಂದ, ದರವು ಏರಿತ್ತು. ಬ್ಯಾಂಕಿನೊಡನೆ ಮೊದಲು ಸಮಾಲೋಚಿಸದೆ ಹೀಗೆ ಮಾಡಲಾಯಿತೆಂಬುದು ರಾಮರಾಯರ ಆಕ್ಷೇಪ. ಅವರು ತಮ್ಮ ನಿಲುವನ್ನು ವಿವರಿಸುವ ಟಿಪ್ಪಣಿಯನ್ನು ಮಂಡಳಿಯ ಮುಂದಿಟ್ಟರು. ಡಿಸೆಂಬರ್ ಸಭೆಯಲ್ಲಿ ಮಂಡಳಿಯು ಅವರ ಬೆಂಬಲಕ್ಕೆ ನಿಂತು, ಹಣದ ವ್ಯವಸ್ಥೆಯನ್ನೂ ನೀತಿಯನ್ನೂ ಗಣನೀಯವಾಗಿ ತಟ್ಟುವ ವಿಷಯಗಳಲ್ಲಿ ಬ್ಯಾಂಕನ್ನು ಮುಂಚಿತವಾಗಿ ಕೇಳಬೇಕೆಂದು ಸರ್ಕಾರವನ್ನು ಕೋರುವ ಠರಾವನ್ನು ಅಂಗೀಕರಿಸಿತು.

ಠರಾವಿನ ಭಾಷೆ ವಿನಯದ್ದು. ಆದರೆ ಅದರ ಹಿಂದಿನ ಪ್ರಶ್ನೆ ಕಠಿಣವಾದುದು, ಎದುರಿನಿಂದ ಬಂದ ಉತ್ತರವೂ ಕಠಿಣವಾಗಿಯೇ ಇತ್ತು. ರಿಸರ್ವ್ ಬ್ಯಾಂಕು ಹಣಕಾಸು ಸಚಿವಾಲಯದ ಒಂದು ವಿಭಾಗವಷ್ಟೆ ಎಂಬುದು ಕೃಷ್ಣಮಾಚಾರಿಯವರ ನಿಲುವಾಗಿತ್ತು. ಪ್ರಧಾನಿ ನೆಹರೂ ಅವರಿಗೆ ಬರೆದು ನೋಡಿದ ರಾಮರಾಯರಿಗೆ ಅಲ್ಲಿಂದಲೂ ಆಸರೆ ದೊರೆಯಲಿಲ್ಲ; ಬ್ಯಾಂಕು ಸರ್ಕಾರದ ಹಲವು ಚಟುವಟಿಕೆಗಳಲ್ಲಿ ಒಂದು, ಸಲಹೆ ನೀಡಬಹುದಾದರೂ ಸರ್ಕಾರದ ನೀತಿಯೊಡನೆ ಹೆಜ್ಜೆ ಹಾಕಬೇಕು ಎಂಬುದು ಪ್ರಧಾನಿಯ ಉತ್ತರದ ತಾತ್ಪರ್ಯ. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆ ಕೊಟ್ಟರು. 14ರಂದು ಅವರ ಅಧಿಕಾರ ಮುಗಿದು, ಉಪಗವರ್ನರ್ ಕೆ. ಜಿ. ಅಂಬೇಗಾಂವ್ಕರ್ ತಾತ್ಕಾಲಿಕವಾಗಿ ಕಾರ್ಯಭಾರ ವಹಿಸಿಕೊಂಡರು.

ಇದನ್ನು ಇಬ್ಬರು ಹಿರಿಯರ ಸ್ವಭಾವದ ಘರ್ಷಣೆಯೆಂದು ಬರೆದವರಿದ್ದಾರೆ. ಸ್ವಭಾವದ ಪಾಲು ಇದ್ದಿರಬಹುದು. ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಸಹ 1937ರಲ್ಲಿ ಅಂದಿನ ಹಣಕಾಸು ಸದಸ್ಯ ಗ್ರಿಗ್ ಅವರೊಡನೆ ಕೂಡದೆ ನಿರ್ಗಮಿಸಿದವರು. ಆದರೆ ಅದೇ ಮುದ್ರಾಂಕ ಶುಲ್ಕದ ಮುಂದಿನ ಗತಿಯನ್ನು ನೋಡಿದರೆ ಆ ವಿವರಣೆ ಸಾಲದು. 1957ರ ಮೇ ತಿಂಗಳಲ್ಲಿ ಬ್ಯಾಂಕು ದರವನ್ನು ಶೇಕಡ 4ಕ್ಕೆ ಏರಿಸಲಾಯಿತು, ಮುದ್ರಾಂಕ ಶುಲ್ಕವನ್ನು ಇಳಿಸಲಾಯಿತು. ಎಂದರೆ ತೆರಿಗೆಯ ಮೂಲಕ ಆದುದನ್ನು ಬ್ಯಾಂಕಿನ ದರದ ಮೂಲಕವೇ ಮತ್ತೊಮ್ಮೆ ಮಾಡಲಾಯಿತು. ವ್ಯಾಪಾರಿ ತೆರುವ ಬಡ್ಡಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗಲಿಲ್ಲ. ದರ ಎಷ್ಟು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಅಂತಹ ಭಿನ್ನಾಭಿಪ್ರಾಯವಿರಲಿಲ್ಲವೆಂದೂ, ಅದನ್ನು ಯಾರ ಹೆಸರಿನಲ್ಲಿ ಯಾವ ಪುಸ್ತಕದಲ್ಲಿ ಬರೆಯಬೇಕೆಂಬುದೇ ವಿವಾದದ ತಿರುಳೆಂದೂ ಇದರಿಂದ ಸ್ಪಷ್ಟವಾಗುತ್ತದೆ. ರಾಮರಾಯರು ಹುದ್ದೆಯನ್ನು ಕಳೆದುಕೊಂಡರು. ಕ್ರಮವು, ತಡವಾಗಿಯಾದರೂ, ಅವರು ಹೇಳಿದ ದಾರಿಗೇ ಮರಳಿತು.

1957ರ ಮಾರ್ಚ್ 1ರಂದು ಗವರ್ನರರಾಗಿ ಬಂದವರು ಎಚ್. ವಿ. ಆರ್. ಅಯ್ಯಂಗಾರ್, ಅವರ ಹೆಸರಿನ ಮೊದಲ ಅಕ್ಷರ ಹರವು ಎಂಬುದನ್ನು ಸೂಚಿಸುತ್ತದೆ. 1962ರ ಫೆಬ್ರವರಿ ಕೊನೆಯವರೆಗಿನ ಅವರ ಅವಧಿಯಲ್ಲಿ ಮಂಡಳಿಯ ನಿತ್ಯದ ಕೆಲಸದ ಭಾರ ಬೇರೆ ಕಡೆಗೆ ಸರಿಯಿತು. 1949ರ ಬ್ಯಾಂಕಿಂಗ್ ಕಂಪನಿಗಳ ಕಾಯಿದೆಯಂತೆ ಪ್ರತಿಯೊಂದು ಬ್ಯಾಂಕೂ ಪರವಾನಗಿ ಪಡೆಯಬೇಕು, ಪ್ರತಿಯೊಂದು ಶಾಖೆಗೂ ಅನುಮತಿ ಬೇಕು. 1951ರ ಕೊನೆಗೆ ದೇಶದಲ್ಲಿದ್ದ ವಾಣಿಜ್ಯ ಬ್ಯಾಂಕುಗಳು 566. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಕುಸಿದ ಮೇಲೆ ದುರ್ಬಲ ಬ್ಯಾಂಕುಗಳನ್ನು ಕಡ್ಡಾಯವಾಗಿ ವಿಲೀನಗೊಳಿಸುವ ಅಧಿಕಾರ ದೊರೆತು, ರಾಷ್ಟ್ರೀಕರಣದ ವರ್ಷದ ಹೊತ್ತಿಗೆ ಈ ಸಂಖ್ಯೆ ನೂರಕ್ಕಿಂತ ಕಡಿಮೆಯಾಗಿತ್ತು. ಸಣ್ಣ ಬ್ಯಾಂಕುಗಳ ತವರಾದ ದಕ್ಷಿಣ ಕನ್ನಡಕ್ಕೆ ಇದು ದೂರದ ಸುದ್ದಿಯಾಗಿರಲಿಲ್ಲ. 1906ರ ಕೆನರಾ ಮತ್ತು ಕಾರ್ಪೊರೇಷನ್, 1924ರ ಕರ್ಣಾಟಕ, 1925ರ ಸಿಂಡಿಕೇಟ್, 1931ರ ವಿಜಯಾ ಬ್ಯಾಂಕುಗಳು ಉಳಿದು ಬೆಳೆದವು. ಮೈಸೂರು ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. 2017ರ ಏಪ್ರಿಲ್ 1ರಂದು ಅದರ ಹೆಸರೇ ಇಲ್ಲವಾಯಿತು. ಠೇವಣಿ ವಿಮೆ ಬಂದದ್ದು 1962ರ ಜನವರಿಯಲ್ಲಿ, ಅಂದಿನ ಮಿತಿ 1,500 ರೂಪಾಯಿ. 2020ರಿಂದ ಅದು 5 ಲಕ್ಷ.

ಹಳ್ಳಿಯ ದೃಷ್ಟಿಯಿಂದ ನೋಡಿದರೆ, ಮುಂಬಯಿಯ ಕಡತವು ರೈತನ ಮನೆಗೆ ಬಂದದ್ದು ಎರಡು ದಾರಿಗಳಲ್ಲಿ. ಮೊದಲನೆಯದು ಸಹಕಾರ. ಸ್ಥಾಪನೆಯ ದಿನದಿಂದಲೂ ಬ್ಯಾಂಕಿಗೆ ಕೃಷಿ ಸಾಲದ ಇಲಾಖೆಯೊಂದನ್ನು ಇಟ್ಟುಕೊಳ್ಳುವ ಹೊಣೆಯಿತ್ತು. ಆದರೂ ಬ್ಯಾಂಕೇ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು 1954ರಲ್ಲಿ ಹೊರಗೆಡಹಿದ ಚಿತ್ರ ನಿರ್ದಯವಾದುದು: 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡ 3.1, ಸರ್ಕಾರದ್ದು 3.3, ವಾಣಿಜ್ಯ ಬ್ಯಾಂಕುಗಳದು 0.9. ವೃತ್ತಿಯ ಲೇವಾದೇವಿಗಾರರದು 44.8, ಬೇಸಾಯದೊಡನೆ ಲೇವಾದೇವಿ ಮಾಡುವವರದು 24.9. ಒಂದು ಸಂಸ್ಥೆಯು ತನ್ನ ಹದಿನೇಳು ವರ್ಷಗಳ ಕೆಲಸದ ಅಲ್ಪತೆಯನ್ನು ತಾನೇ ಅಂಕಿಗಳಲ್ಲಿ ಅಚ್ಚು ಮಾಡಿಸಿದ್ದು ಮೆಚ್ಚಬೇಕಾದ ಪ್ರಾಮಾಣಿಕತೆ. ಅಲ್ಲಿಂದ ಮುಂದೆ ರಿಸರ್ವ್ ಬ್ಯಾಂಕಿನಿಂದ ರಾಜ್ಯದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ಜಿಲ್ಲಾ ಕೇಂದ್ರ ಬ್ಯಾಂಕಿಗೆ, ಅಲ್ಲಿಂದ ಗ್ರಾಮದ ಸಂಘಕ್ಕೆ ಹಂಗಾಮಿನ ಸಾಲ ಇಳಿಯುವ ಏರ್ಪಾಡು ಬಲಗೊಂಡಿತು. ಕರ್ನಾಟಕದ ಅಪೆಕ್ಸ್ ಬ್ಯಾಂಕು 1915ರಷ್ಟು ಹಳೆಯದು. ವರ್ಷ ವರ್ಷ ಮಂಜೂರಾಗುವ ಸಾಲದ ಮಿತಿಯು ಮುಂಬಯಿಯಲ್ಲಿ ಒಂದು ಸಾಲಿನ ತೀರ್ಮಾನ. ಮುಂಗಾರಿಗೆ ರಾಗಿ ಬಿತ್ತುವ ಹೋಬಳಿಯಲ್ಲಿ ಅದು ಗೊಬ್ಬರ ಬಂದೀತೆ ಎಂಬ ಪ್ರಶ್ನೆ. 1982ರಲ್ಲಿ ಈ ಹೊಣೆಯು ನಬಾರ್ಡಿಗೆ ವರ್ಗವಾಯಿತು.

ಎರಡನೆಯ ದಾರಿ ಶಾಖೆಯ ಪರವಾನಗಿ. 1969ರ ಕೊನೆಯಲ್ಲಿ ಬಂದ ಲೀಡ್ ಬ್ಯಾಂಕ್ ಯೋಜನೆಯು ಒಂದೊಂದು ಜಿಲ್ಲೆಯನ್ನು ಒಂದೊಂದು ಬ್ಯಾಂಕಿನ ಹೊಣೆಗೆ ಒಪ್ಪಿಸಿತು. ಬೆಂಗಳೂರು ಗ್ರಾಮಾಂತರದಲ್ಲಿ ಆ ಹೊಣೆ ಕೆನರಾ ಬ್ಯಾಂಕಿನದು. 1977ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೊಸ ನಿಯಮವೊಂದನ್ನು ಮಾಡಿತು: ಈಗಾಗಲೇ ಬ್ಯಾಂಕುಗಳಿರುವ ನಗರದಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಗ್ರಾಮಗಳಲ್ಲಿ ನಾಲ್ಕು ತೆರೆಯಬೇಕು. ಬೆಂಗಳೂರಿನಂತಹ ಮಹಾನಗರವು ಬೆಳೆಯುತ್ತಿದ್ದಾಗ, ಅಲ್ಲಿನ ಒಂದು ಅರ್ಜಿ ಎಲ್ಲಿಯೋ ನಾಲ್ಕು ಹಳ್ಳಿಗಳ ಬಾಗಿಲು ತೆರೆಸುತ್ತಿತ್ತು. 1990ರಲ್ಲಿ ಕೈಬಿಟ್ಟ ಈ ನಿಯಮದ ಕಾಲದಲ್ಲಿ ದೇಶದ ಗ್ರಾಮೀಣ ಬಡತನ ಎಷ್ಟು ತಗ್ಗಿತೆಂಬುದನ್ನು ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ, ವಾದಿಸಿದ್ದಾರೆ. ಅದು ಇಲ್ಲಿಯ ವಿಷಯವಲ್ಲ. ಯಾವ ಮಸೂದೆಯೂ ಮಂಡನೆಯಾಗದೆ, ಪರವಾನಗಿ ವಿಭಾಗದ ಒಂದು ಸುತ್ತೋಲೆಯಿಂದ ಇಷ್ಟು ನಡೆಯಿತೆಂಬುದು ಗಮನಾರ್ಹ.

ಕರ್ನಾಟಕದ ಪಾಲಿಗೆ ಬಂದ ಇನ್ನೊಂದು ತೀರ್ಮಾನ ನೋಟಿನ ಮುದ್ರಣ. 1995ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ತನ್ನ ಪೂರ್ಣ ಒಡೆತನದಲ್ಲಿ ನೋಟು ಮುದ್ರಣ ಕಂಪನಿಯೊಂದನ್ನು ಸ್ಥಾಪಿಸಿ, ಅದರ ಕೇಂದ್ರ ಕಚೇರಿಯನ್ನು ಬೆಂಗಳೂರಿನಲ್ಲಿ ಇಟ್ಟಿತು. ಮೈಸೂರಿನ ಮುದ್ರಣಾಲಯ 1996ರ ಜೂನ್‌ನಲ್ಲಿ, ಬಂಗಾಳದ ಸಾಲ್ಬೋನಿಯದು ಅದೇ ಡಿಸೆಂಬರ್‌ನಲ್ಲಿ ಕೆಲಸ ಆರಂಭಿಸಿದವು. ಮುಂದೆ ನೋಟಿನ ಕಾಗದದ ಕಾರ್ಖಾನೆಯೂ, 2022ರಲ್ಲಿ 'ವರ್ಣಿಕಾ' ಎಂಬ ಶಾಯಿಯ ಘಟಕವೂ ಮೈಸೂರಿಗೇ ಬಂದವು. 1843ರಲ್ಲಿ ಟಂಕಸಾಲೆ ಮುಚ್ಚಿದ ನಾಡಿಗೆ ಒಂದೂವರೆ ಶತಮಾನದ ನಂತರ ಹಣ ತಯಾರಿಸುವ ಕಸುಬು ಹೀಗೆ ಮರಳಿತು.

ಬ್ಯಾಂಕಿನ ಲೆಕ್ಕದ ವರ್ಷವೂ ಇಂತಹ ಒಂದು ಬಾಬು. ಮೊದಲು ಜನವರಿಯಿಂದ ಡಿಸೆಂಬರಿಗೆ ಇದ್ದದ್ದನ್ನು 1940ರಲ್ಲಿ ಜುಲೈಯಿಂದ ಜೂನ್‌ಗೆ ಬದಲಿಸಲಾಯಿತು. ಎಂಬತ್ತು ವರ್ಷ ನಡೆದ ಆ ಪದ್ಧತಿಯನ್ನು ಬಿಟ್ಟು, 2020ರ ಜುಲೈಯಿಂದ 2021ರ ಮಾರ್ಚ್‌ವರೆಗಿನ ಒಂಬತ್ತು ತಿಂಗಳ ಒಂದು ಗಿಡ್ಡ ವರ್ಷದ ಮೂಲಕ, ಸರ್ಕಾರದ ವರ್ಷದೊಡನೆ ಹೊಂದಿಸಲಾಯಿತು. ಸರ್ಕಾರಕ್ಕೆ ಎಷ್ಟು ಹೆಚ್ಚುವರಿ ಸಲ್ಲಬೇಕೆಂಬ ಪ್ರಶ್ನೆಯಿಂದ 2018ರಲ್ಲಿ ಮತ್ತೆ 7ನೆಯ ಕಲಮಿನ ಮಾತು ಎದ್ದಿತು. ಆ ವರ್ಷದ ಡಿಸೆಂಬರ್ 10ರಂದು ಗವರ್ನರ್ ಉರ್ಜಿತ್ ಪಟೇಲ್ ರಾಜೀನಾಮೆ ನೀಡಿದರು. ಬಿಮಲ್ ಜಲಾನ್ ಸಮಿತಿಯ ವರದಿಯ ನಂತರ, 2019ರ ಆಗಸ್ಟ್ 26ರಂದು, ಮಂಡಳಿಯು 1,76,051 ಕೋಟಿ ರೂಪಾಯಿಗಳ ವರ್ಗಾವಣೆಗೆ ಒಪ್ಪಿತು. 2025ರಲ್ಲಿ ಈ ಬಾಬಿನ ಮೊತ್ತ 2,68,590 ಕೋಟಿ. ಕಾರ್ಯಸೂಚಿಯಲ್ಲಿ ಇದು ಇಂದಿಗೂ ಒಂದು ಸಾಲೇ.

ನಡಾವಳಿಯ ಕ್ರಿಯಾಪದದ ಪ್ರಶ್ನೆಯು ನ್ಯಾಯಾಲಯದವರೆಗೆ ಹೋದದ್ದು 2016ರ ನವೆಂಬರ್ 8ರ ಸಭೆಯಿಂದ. ಅದು ಮಂಡಳಿಯ 561ನೆಯ ಸಭೆ. ದೆಹಲಿಯಲ್ಲಿ ಸಂಜೆ ಐದೂವರೆಗೆ ಸೇರಿತು. ಹಿಂದಿನ ದಿನ ಸರ್ಕಾರದಿಂದ ಪತ್ರ ಬಂದಿತ್ತು. ರಾತ್ರಿ ಎಂಟಕ್ಕೆ 500 ಮತ್ತು 1,000 ರೂಪಾಯಿ ನೋಟುಗಳ ರದ್ದಿಯು ಘೋಷಣೆಯಾಯಿತು. 2019ರಲ್ಲಿ ಮಾಹಿತಿ ಹಕ್ಕಿನ ಮೂಲಕ ಹೊರಬಂದ ನಡಾವಳಿಯನ್ನು ಓದಿದರೆ, ಮಂಡಳಿಯು ಕಣ್ಣು ಮುಚ್ಚಿ ರುಜು ಹಾಕಿತೆಂದು ಹೇಳಲಾಗದು. ಕಪ್ಪುಹಣದ ಬಹುಪಾಲು ನಗದಾಗಿರದೆ ಚಿನ್ನ ಮತ್ತು ಸ್ಥಿರಾಸ್ತಿಗಳ ರೂಪದಲ್ಲಿದೆಯೆಂದೂ, 400 ಕೋಟಿಯಷ್ಟಿರುವ ಖೋಟಾ ನೋಟು ಒಟ್ಟು ಚಲಾವಣೆಯ ಎದುರಿಗೆ ಗಣನೀಯವಲ್ಲವೆಂದೂ ಅದರಲ್ಲಿ ನಮೂದಾಗಿದೆ. ಇಷ್ಟನ್ನೂ ಬರೆದುಕೊಂಡು ಮಂಡಳಿಯು ಪ್ರಸ್ತಾವವನ್ನು ಶಿಫಾರಸು ಮಾಡಿತು. ನಡಾವಳಿಗೆ ರುಜು ಬಿದ್ದದ್ದು ಐದು ವಾರಗಳ ಮೇಲೆ, ಡಿಸೆಂಬರ್ 15ರಂದು. ಆ ಹೊತ್ತಿಗೆ ಹಳೆಯ ನೋಟುಗಳನ್ನು ಬ್ಯಾಂಕಿಗೆ ಕಟ್ಟುವ ಗಡುವು ಮುಗಿಯಲು ಎರಡು ವಾರ ಉಳಿದಿತ್ತು.

2023ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ಐವರ ಪೀಠವು ತೀರ್ಪು ನೀಡಿದಾಗ, ಮಂಡಳಿಯ ಸಾಮಾನ್ಯ ಕಾರ್ಯವಿಧಾನವೇ ಚರ್ಚೆಯ ವಸ್ತುವಾಗಿತ್ತು. ಸಭೆಗೆ ಕೋರಂ ಇತ್ತೆ? 1949ರ ನಿಯಮಾವಳಿಯಂತೆ ಕನಿಷ್ಠ ನಾಲ್ವರು, ಅವರಲ್ಲಿ ಮೂವರಾದರೂ ನಾಮಕರಣಗೊಂಡ ನಿರ್ದೇಶಕರು ಇರಬೇಕು. ಇತ್ತೆಂದು ನಾಲ್ವರು ನ್ಯಾಯಮೂರ್ತಿಗಳು ಒಪ್ಪಿದರು. ಸರ್ಕಾರ ಮತ್ತು ಬ್ಯಾಂಕುಗಳ ನಡುವೆ ಆರು ತಿಂಗಳು ಸಮಾಲೋಚನೆ ನಡೆದಿತ್ತೆಂದೂ, ತೀರ್ಮಾನದ ಕ್ರಮದಲ್ಲಿ ದೋಷವಿಲ್ಲವೆಂದೂ ಹೇಳಿದರು. ಭಿನ್ನ ತೀರ್ಪು ಬರೆದವರು ಕರ್ನಾಟಕದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ. 26ನೆಯ ಕಲಮಿನ ಎರಡನೆಯ ಉಪಕಲಮಿನಲ್ಲಿರುವ ಶಿಫಾರಸು ಮಂಡಳಿಯಿಂದಲೇ ಹೊರಡಬೇಕು. ಸರ್ಕಾರದಿಂದ ಹೊರಟ ಪ್ರಸ್ತಾವವಾದರೆ ಅದಕ್ಕೆ ಅಧಿಸೂಚನೆ ಸಾಲದು, ಸಂಸತ್ತಿನ ಶಾಸನ ಬೇಕು ಎಂಬುದು ಅವರ ಅಭಿಪ್ರಾಯ. ಬ್ಯಾಂಕಿನ ದಾಖಲೆಯಲ್ಲಿಯೇ ಇದ್ದ, 'ಕೇಂದ್ರ ಸರ್ಕಾರವು ಅಪೇಕ್ಷಿಸಿದಂತೆ' ಎಂಬರ್ಥದ ಪದಗಳನ್ನು ಅವರು ಎತ್ತಿ ತೋರಿಸಿದರು. ಇಡೀ ಕೆಲಸವು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮುಗಿದುದನ್ನೂ, ಬ್ಯಾಂಕು ಸ್ವತಂತ್ರವಾಗಿ ವಿವೇಚಿಸಿದುದಕ್ಕೆ ಅದರಲ್ಲಿ ಎಡೆಯಿಲ್ಲದಿರುವುದನ್ನೂ ಅವರು ದಾಖಲಿಸಿದ್ದಾರೆ.